ಏಣಿ 22 ಅಡಿ, ತಂತಿ 16 ಅಡಿ

"ಕುಡಿದಿದ್ನಾ?"

ನಮ್ಮ ತೋಟದಲ್ಲಿ ಆಳು ಸತ್ತ ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು ಇದನ್ನೇ. ಠಾಣೆಯಿಂದ ಬಂದ ಹೆಡ್ ಕಾನ್‌ಸ್ಟೇಬಲ್ ಕೇಳಿದರು, ಪಕ್ಕದ ತೋಟದವರು ಫೋನ್ ಮಾಡಿ ಕೇಳಿದರು, ಆಮೇಲೆ ವಿಮೆ ಕಂಪನಿಯವರು ಕಳಿಸಿದ ಮನುಷ್ಯನೂ ಕೇಳಿದ. ಬೆಳಿಗ್ಗೆ ರೊಟ್ಟಿ ತಿಂದು ಕೆಲಸಕ್ಕೆ ಇಳಿದ ಆತ ಹತ್ತು ಗಂಟೆ ದಾಟುವಷ್ಟರಲ್ಲಿ ಹೋಗಿಬಿಟ್ಟಿದ್ದ. ಕುಡಿದಿರಲಿಲ್ಲ, ಪಿಎಂ (ಮರಣೋತ್ತರ ಪರೀಕ್ಷೆ) ವರದಿಯಲ್ಲೂ ಹಾಗೇ ಬಂತು. ಆದರೂ ಜನ ಆ ಪ್ರಶ್ನೆಯನ್ನು ಯಾಕೆ ಬಿಡುವುದಿಲ್ಲ ಅಂತ ನನಗೆ ನಿಧಾನಕ್ಕೆ ಅರ್ಥವಾಯಿತು. ತಪ್ಪು ಸತ್ತವನದ್ದು ಅಂತಾದರೆ ಬದುಕಿರುವವರು ಏನನ್ನೂ ಬದಲಾಯಿಸಬೇಕಿಲ್ಲ, ಮಾರನೇ ದಿನ ಅದೇ ಏಣಿ ತೆಗೆದುಕೊಂಡು ಹೋಗಬಹುದು.

ನಾನು ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರು. ಹಾಜರಿ, ಬಟವಾಡೆ, ಗೊಬ್ಬರ, ಕಣದ ಲೆಕ್ಕ ಎಲ್ಲ ನನ್ನ ಕೈಯಲ್ಲಿ. ಇದು ನಡೆದದ್ದು 2022ರ ಫೆಬ್ರುವರಿ ಕೊನೆಯಲ್ಲಿ, ಕಾಳುಮೆಣಸಿನ ಕೊಯ್ಲಿನ ಹೊತ್ತಿಗೆ. ಪೊಲೀಸರು, ವಿದ್ಯುತ್ ಪರಿವೀಕ್ಷಣಾಲಯ, ಪರಿಹಾರದ ಆಯುಕ್ತರು, ವಿಮೆ ಅಂತ ಎಲ್ಲ ಕಡೆಗೂ ಕಾಗದ ಹಿಡಿದು ಓಡಾಡಿದ್ದು ನಾನೇ. ಸತ್ತವನ ಹೆಸರು ಬರೆಯುವುದಿಲ್ಲ, ಬರೆಯಬೇಡಿ ಅಂತ ಅವನ ಹೆಂಡತಿ ಹೇಳಿದ್ದಾರೆ.

ನಡೆದದ್ದು ಇಷ್ಟು. ಮೆಣಸು ಕೊಯ್ಯುವುದನ್ನು ಕೆಜಿ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟಿತ್ತು. ಒಂದು ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ ಮುಗಿಸಿ ಮುಂದಿನ ಮರಕ್ಕೆ ಹೋಗುವಾಗ ಆತ ಅಲ್ಯೂಮಿನಿಯಂ ಏಣಿಯನ್ನು ನೆಟ್ಟಗೆ ಎತ್ತಿ ಹಿಡಿದುಕೊಂಡೇ ನಡೆದ. ಏಣಿಯ ತುದಿ ತೋಟದ ಮೇಲೆ ಹಾದುಹೋಗುವ 11 ಕೆವಿ (11,000 ವೋಲ್ಟ್) ತಂತಿಗೆ ತಗುಲಿತು. ಹಿಂದಿದ್ದ ಇಬ್ಬರು ಹುಡುಗರು ಅವನನ್ನು ಎಳೆಯಲು ಓಡಿದರು. ಮೇಸ್ತ್ರಿ ಕತ್ತಿ ಬಿಸಾಕಿ ಅವರಿಬ್ಬರನ್ನೂ ತಬ್ಬಿ ಹಿಡಿದುಕೊಂಡರು. ಆ ಮನುಷ್ಯ ಹಾಗೆ ಮಾಡದಿದ್ದರೆ ಇದು ಮೂರು ಹೆಣದ ಕಥೆಯಾಗುತ್ತಿತ್ತು. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಸಬ್‌ಸ್ಟೇಷನ್ನಿನಲ್ಲಿ ಫೀಡರ್ (ನಮ್ಮ ಕಡೆಗೆ ಕರೆಂಟು ತರುವ ಲೈನು) ಆಫ್ ಮಾಡಿದ್ದಾರೆ ಅಂತ ಲೈನ್ ನೋಡಿಕೊಳ್ಳುವ ಪವರ್‌ಮ್ಯಾನ್ ಹೇಳುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಎದೆ ಒತ್ತಿದೆವು, ಜೀಪಿನಲ್ಲಿ ಹಾಕಿಕೊಂಡು ಮೂಡಿಗೆರೆ ಆಸ್ಪತ್ರೆಗೆ ಓಡಿದೆವು. ಪ್ರಯೋಜನವಾಗಲಿಲ್ಲ.

ಫೀಡರ್ ತಾನಾಗಿಯೇ ಯಾಕೆ ಟ್ರಿಪ್ ಆಗಿ ಕರೆಂಟು ನಿಲ್ಲಲಿಲ್ಲ ಅನ್ನುವುದು ಆವತ್ತು ನಮ್ಮೆಲ್ಲರ ಸಿಟ್ಟಿನ ಪ್ರಶ್ನೆಯಾಗಿತ್ತು. ಉತ್ತರ ಆಮೇಲೆ ಸಿಕ್ಕಿತು. 11 ಕೆವಿ ಲೈನಿನ ಒಂದು ತಂತಿಗೂ ಭೂಮಿಗೂ ನಡುವೆ ಸುಮಾರು 6,350 ವೋಲ್ಟ್ ಇರುತ್ತದೆ. ಮನುಷ್ಯ ಸಾಯುವುದಕ್ಕೆ ಅದರಿಂದ ಹರಿಯುವ ಕರೆಂಟು ಧಾರಾಳವಾಯಿತು. ಆದರೆ ಫೆಬ್ರುವರಿಯ ಒಣ ಮಣ್ಣಿನಲ್ಲಿ ಆ ಕರೆಂಟು ಎಷ್ಟು ಕಡಿಮೆ ಇರುತ್ತದೆಂದರೆ, ಸಬ್‌ಸ್ಟೇಷನ್ನಿನ ರಿಲೇಗೆ (ಕರೆಂಟು ಜಾಸ್ತಿಯಾದರೆ ಲೈನ್ ಕಡಿಯುವ ಉಪಕರಣ) ಅದು ಇನ್ನೊಂದು ಸಣ್ಣ ಲೋಡ್ ಇದ್ದ ಹಾಗೆ ಕಾಣುತ್ತದೆ. ಟ್ರಿಪ್ ಆದರೂ ನಂಬುವ ಹಾಗಿಲ್ಲ, ಯಾವುದೋ ಕೊಂಬೆ ತಾಗಿರಬೇಕು ಅಂದುಕೊಂಡು ಮತ್ತೆ ಚಾರ್ಜ್ ಮಾಡಿ ನೋಡುವುದುಂಟು. ಅದಕ್ಕೇ ಫೋನಿನಲ್ಲಿ ಆಫ್ ಆಗಿದೆ ಅಂತ ಬಾಯಿಬಿಟ್ಟು ಹೇಳಿಸಿಕೊಳ್ಳದೆ ಮುಟ್ಟಬಾರದು. ಒಣ ಕಟ್ಟಿಗೆಯಲ್ಲಿ ತಳ್ಳುವುದೆಲ್ಲ ಮನೆಯ ವೈರಿಂಗಿಗೆ ಸರಿ, 11 ಕೆವಿಗೆ ಅದನ್ನು ನಂಬಿದವನೂ ಹೋಗುತ್ತಾನೆ.

ಪೊಲೀಸರ ಕೆಲಸ ಬೇಗ ಮುಗಿಯಿತು. ಅಸ್ವಾಭಾವಿಕ ಸಾವು ಅಂತ ಯುಡಿಆರ್ ದಾಖಲಾಯಿತು, ಪಂಚರನ್ನು ಕರೆದು ಮಹಜರು ಬರೆದರು, ಏಣಿಯನ್ನು ಠಾಣೆಗೆ ಸಾಗಿಸಿದರು. ಮಹಜರಿನಲ್ಲಿ "ಮೃತನು ಅಜಾಗರೂಕತೆಯಿಂದ" ಅಂತ ಒಂದು ಸಾಲು ಬಂದಿತ್ತು. ಬರೆಯುವವರಿಗೆ ಅದು ಕೈಗೆ ಅಭ್ಯಾಸವಾದ ಸಾಲು. ಸಹಿ ಹಾಕುವ ಮೊದಲು ಮೇಸ್ತ್ರಿ, "ಅಜಾಗರೂಕತೆ ಅಂತ ಬರೀಬೇಡಿ ಸಾರ್, ನಾವೆಲ್ಲ ಹಾಗೇ ಎತ್ಕೊಂಡು ಹೋಗೋದು" ಅಂದರು. ಅಲ್ಲಿದ್ದವರು ಯಾರೂ ಅದನ್ನು ದೊಡ್ಡ ಮಾತು ಅಂತ ತಗೊಳ್ಳಲಿಲ್ಲ. ನನಗೆ ಇಡೀ ತನಿಖೆಯ ತಿರುಳು ಆ ಮಾತಿನಲ್ಲೇ ಇತ್ತು ಅನ್ನಿಸುತ್ತದೆ.

ವಿದ್ಯುತ್ ಅಪಘಾತದಲ್ಲಿ ಪ್ರಾಣ ಹೋದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು, 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಮಿನಡಿ ಅವರು ವಿಚಾರಣೆ ಮಾಡುತ್ತಾರೆ. ಚಿಕ್ಕಮಗಳೂರಿನಿಂದ ಪರಿವೀಕ್ಷಕರು ಬಂದಾಗ ಮೊದಲು ಬೈದದ್ದು ಏಣಿ ಸ್ಥಳದಲ್ಲಿ ಇಲ್ಲದ್ದಕ್ಕೆ. ಪುಣ್ಯಕ್ಕೆ ಗ್ಯಾಂಗಿನ ಹುಡುಗನೊಬ್ಬ ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದ. ಏಣಿಯ ಕಾಲು ಯಾವ ಪಾತಿಯಲ್ಲಿತ್ತು, ತುದಿ ಯಾವ ದಿಕ್ಕಿಗಿತ್ತು ಅದರಲ್ಲಿ ಕಾಣುತ್ತಿತ್ತು.

ಅವರು ಮಾತಾಡಿದ್ದು ಕಡಿಮೆ, ಅಳೆದದ್ದು ಜಾಸ್ತಿ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟು ನಿಲ್ಲಿಸಿ ಕೊಡುವ ಅನುಮತಿ) ತಗೊಂಡು, ಲೈನ್ ಅರ್ತ್ ಮಾಡಿಸಿ, ಉದ್ದದ ಅಳತೆ ಕೋಲು ಹಿಡಿದು ತಂತಿಯ ಎತ್ತರ ನೋಡಿದರು. ಎರಡು ಕಂಬಗಳ ನಡುವೆ ತಂತಿ ಅತಿ ಹೆಚ್ಚು ಜೋತಿರುವ ಕಡೆ 4.9 ಮೀಟರ್, ಅಂದರೆ ಹದಿನಾರು ಅಡಿ. ನಾನು ಮನಸ್ಸಿನಲ್ಲೇ, ಕರೆಂಟು ಕಂಪನಿಯವರು ಸಿಕ್ಕಿಬಿದ್ದರು, ತಂತಿ ತಗ್ಗಿದೆ ಅಂದುಕೊಂಡೆ. ಅವರು ತಲೆ ಅಲ್ಲಾಡಿಸಿದರು. ಆಗ ಜಾರಿಯಲ್ಲಿದ್ದ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮದಲ್ಲಿ, ರಸ್ತೆ ಬಿಟ್ಟು ಬೇರೆ ಕಡೆ ಹೋಗುವ 11 ಕೆವಿವರೆಗಿನ ಬರಿ ತಂತಿಗೆ ಕನಿಷ್ಠ ಎತ್ತರ 4.6 ಮೀಟರ್. ರಸ್ತೆ ದಾಟುವಲ್ಲಿ ಮಾತ್ರ 6.1 ಇರಬೇಕಿತ್ತು. ತೋಟದೊಳಗಿನ ನಮ್ಮ ತಂತಿ ನಿಯಮಕ್ಕಿಂತ ಒಂದಡಿ ಮೇಲೇ ಇತ್ತು!

"ಏಣಿ ಎಷ್ಟುದ್ದ?" ಅಂತ ಕೇಳಿದರು. 22 ಅಡಿ ಅಂದೆ.

"ಹೊಲದಲ್ಲಿ ಎತ್ತಿನಗಾಡಿ, ಹುಲ್ಲಿನ ಹೊರೆ ಹೋಗ್ತವೆ ಅಂತ ಲೆಕ್ಕ ಹಾಕಿದರೆ ಹದಿನೈದಡಿ ಸಾಕು ರೈಟ್ರೆ. ನಿಮ್ಮ ತೋಟದಲ್ಲಿ ಹೋಗೋದು ಇಪ್ಪತ್ತೆರಡು ಅಡಿ ಲೋಹ" ಅಂದರು.

ನನಗಂತೂ ಅಲ್ಲಿಗೆ ತಲೆ ತಿರುಗಿತು. ತಂತಿಯವರು ನಿಯಮ ಮುರಿದಿಲ್ಲ. ಏಣಿ ಮಾರಿದವನೂ ಮುರಿದಿಲ್ಲ. ಆದರೂ ಆ ಜಾಗದಲ್ಲಿ ಯಾರೇ ಏಣಿ ನೆಟ್ಟಗೆ ಹಿಡಿದು ನಡೆದರೂ ಸಾವು ಖಾತ್ರಿ. ಇಳಿಜಾರಿನ ತೋಟದಲ್ಲಿ ಇದು ಇನ್ನೂ ಕೆಟ್ಟದು. ತಂತಿ ದಿಣ್ಣೆಯಿಂದ ದಿಣ್ಣೆಗೆ ಹೋಗುವಾಗ ಕೆಳಗಿನ ಪಾತಿಯಲ್ಲಿ ನಿಂತವನಿಗೆ ಆಕಾಶದಲ್ಲಿದ್ದಂತೆ ಕಾಣುತ್ತದೆ, ನಾಲ್ಕು ಪಾತಿ ಮೇಲೆ ಹತ್ತಿದರೆ ತಲೆಯ ಹತ್ತಿರವೇ ಇರುತ್ತದೆ. ಸಾಲದ್ದಕ್ಕೆ ಮರದ ಸೊಪ್ಪಿನ ಮರೆ, ಎದುರು ಬಿಸಿಲು.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತೂ ಇದೆ ಅಂತ ಅವರೇ ತೋರಿಸಿದರು. ಬರಿ ತಂತಿಯ ಹತ್ತಿರ ಸರಳು, ಪೈಪು ಅಂಥವುಗಳನ್ನು ಸಾಗಿಸುವುದಾದರೆ ಗೊತ್ತುಮಾಡಿದ ಒಬ್ಬ ಹೊಣೆಗಾರನ ನೇರ ಉಸ್ತುವಾರಿ ಇರಬೇಕು. ಮಲೆನಾಡಿನ ಯಾವ ತೋಟದಲ್ಲೂ ಅಂಥ ಮನುಷ್ಯ ಇದ್ದದ್ದನ್ನು ನಾನು ಕಂಡಿರಲಿಲ್ಲ.

ಠಾಣೆಗೆ ಹೋಗಿ ಆ ಏಣಿಯನ್ನೂ ನೋಡಿದರು. ತುದಿಯಲ್ಲಿ ಮೆಣಸಿನ ಕಾಳಿನಷ್ಟು ಎರಡು ಗುಳಿ, ಲೋಹ ಕರಗಿ ಹೊಳೆಯುತ್ತಿತ್ತು. ಕೆಳಗಿನ ರಬ್ಬರ್ ಬುಷ್ ಸವೆದು ಹೋಗಿತ್ತು. ಇದಿದ್ದಿದ್ದರೆ ಉಳಿಯುತ್ತಿದ್ದನೇನೋ ಅಂತ ತೋಟದ ಮಾಲೀಕರಾದ ನಮ್ಮ ಗೌಡ್ರು ಕೇಳಿದರು. ಜಾರದಿರಲಿ ಅಂತ ಹಾಕುವ ರಬ್ಬರ್ ಅದು, 11 ಕೆವಿ ತಡೆಯುವುದಕ್ಕಲ್ಲ ಅಂದರು ಪರಿವೀಕ್ಷಕರು.

ಆಮೇಲೆ ಅವರು ಹೇಳಿದ ಕೆಲಸ ನಮಗ್ಯಾರಿಗೂ ಹೊಳೆದಿರಲಿಲ್ಲ. ತೋಟದಲ್ಲಿರುವ ಏಣಿಗಳನ್ನೆಲ್ಲ ತಂದು ಕಣದಲ್ಲಿ ಸಾಲಾಗಿ ಮಲಗಿಸಲು ಹೇಳಿದರು. ಒಂದೊಂದರ ತುದಿಯನ್ನೂ ಬೆರಳಿನಲ್ಲಿ ತಡವುತ್ತಾ ಬಂದರು. ಒಂದು ಹಳೇ ಏಣಿಯ ತುದಿಯಲ್ಲಿ ಅಂಥದ್ದೇ ಗುಳಿ ಇತ್ತು, ಮಾಸಿದ್ದು. ಇದು ಯಾವಾಗ ಆದದ್ದು ಅಂದರೆ ಒಬ್ಬರೂ ಬಾಯಿಬಿಡಲಿಲ್ಲ. ಸಂಜೆ ಆಳುಗಳು ಇರುವ ಲೈನ್ ಮನೆ ಹತ್ತಿರ ಹಳೇ ಆಳೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಹಿಂದಿನ ಮರಗಸಿಯಲ್ಲಿ (ನೆರಳು ಮರದ ಕೊಂಬೆ ಕಡಿಯುವಾಗ) ಏಣಿ ಜಾರಿ ತಂತಿಗೆ ಒರಗಿತ್ತು, ಅಷ್ಟರಲ್ಲಿ ಹಿಡಿದವನು ಕೈ ಬಿಟ್ಟಿದ್ದ, ಪಟ್ ಅಂತ ಕಿಡಿ ಹಾರಿತು, ಅಷ್ಟೇ. "ಹೇಳಿದ್ರೆ ಏಣಿ ಹಾಳು ಮಾಡ್ದೆ ಅಂತ ಬೈತಾರೆ ಅಂತ ಸುಮ್ನಾದ್ವಿ ರೈಟ್ರೆ." ಸಾವು ಒಂದು ಸಲ ಬಂದು ಬಾಗಿಲು ತಟ್ಟಿ ಹೋಗಿತ್ತು, ಆ ಸುದ್ದಿ ಲೈನ್ ಮನೆಯಿಂದ ಆಫೀಸಿನವರೆಗೆ ಬಂದಿರಲಿಲ್ಲ.

ನೆಟ್ಟಗೆ ಯಾಕೆ ಹಿಡಿಯುತ್ತೀರಿ ಅನ್ನುವುದಕ್ಕೂ ಉತ್ತರ ಸಿಕ್ಕಿದ್ದು ಅಲ್ಲೇ. ಏಣಿ ಅಡ್ಡ ಹಿಡಿದು ಕಾಫಿ ಗಿಡದ ಸಂದಿಯಲ್ಲಿ ನುಗ್ಗಿದರೆ ರೆಕ್ಕೆ (ಪಕ್ಕದ ಕೊಂಬೆ) ಮುರಿಯುತ್ತದೆ, ಮೊಗ್ಗು ಉದುರುತ್ತದೆ, ಬೈಗುಳ ಬೀಳುತ್ತದೆ. ಮಲಗಿಸಿ ಸಾಗಿಸಲು ಇಬ್ಬರು ಬೇಕು, ಕೆಜಿ ಲೆಕ್ಕದಲ್ಲಿ ಕೊಯ್ಯುವವನಿಗೆ ಇನ್ನೊಬ್ಬನ ಹೊತ್ತು ಅಂದರೆ ದುಡ್ಡು. ಬಿದಿರಿನ ಏಣಿ ಇದ್ದ ಕಾಲದಲ್ಲಿ ಅದು ಭಾರ, ಒಬ್ಬನೇ ಎತ್ತಿ ಓಡಾಡುವ ಹಾಗಿರಲಿಲ್ಲ. ಅಲ್ಯೂಮಿನಿಯಂ ಹಗುರ ಅಂತಲೇ ಎಲ್ಲರೂ ಅದಕ್ಕೆ ಬಿದ್ದದ್ದು. ಹೀಗೆ ಹುಡುಕುತ್ತಾ ಹೋದರೆ ಆತನ "ಅಜಾಗರೂಕತೆ" ಅನ್ನುವುದರಲ್ಲಿ ಗಿಡ ಮುರಿಯಬೇಡ ಅನ್ನುವ ನಮ್ಮ ತೋಟದ ಶಿಸ್ತಿತ್ತು, ಗುತ್ತಿಗೆಯ ದರ ಇತ್ತು, ತಂತಿಯ ಕೆಳಗೇ ಸಿಲ್ವರ್ ನೆಟ್ಟು ಬಳ್ಳಿ ಹಬ್ಬಿಸಿದ ಯಾರದೋ ಹಳೇ ಲೆಕ್ಕಾಚಾರವಿತ್ತು.

ಪರಿಹಾರದ ಕಥೆ ಬೇರೆ. ಆಗ ಇದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ (2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ನಮ್ಮದು ಹಳೇ ಪ್ರಕರಣ). ಗುತ್ತಿಗೆಯವನ ಆಳು, ನಮಗೇನು ಅಂತ ಹೇಳಿಕೊಟ್ಟವರು ಸುತ್ತಮುತ್ತ ಬೇಕಾದಷ್ಟು ಜನ. ಆ ಕಾಯ್ದೆಯ 12ನೇ ಕಲಮು ಅದಕ್ಕೆ ಆಸ್ಪದ ಕೊಡುತ್ತಿರಲಿಲ್ಲ. ಕೆಲಸ ಯಾರ ತೋಟದ್ದೋ ಅವರು ಮೊದಲು ಕಟ್ಟಬೇಕು, ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಕುಡಿತದ ವಾದವೂ ಹಾಗೇ. ಗಾಯವಾಗಿ ಬದುಕಿದವನ ವಿಷಯದಲ್ಲಿ ಮಾಲೀಕ ಆ ಮಾತು ಎತ್ತಬಹುದು. ಪ್ರಾಣ ಹೋಗಿದ್ದರೆ, ಇಲ್ಲವೇ ಪೂರ್ತಿ ಶಾಶ್ವತ ಅಂಗವೈಕಲ್ಯವಾಗಿದ್ದರೆ, ಆ ವಾದ ನಿಲ್ಲುವುದಿಲ್ಲ ಅಂತ 3ನೇ ಕಲಮಿನಲ್ಲೇ ಇತ್ತು. ವಿಮೆಯವನಿಗೆ ಇದನ್ನು ತೋರಿಸಿದ ಮೇಲೆ ಆತ ಆ ಪ್ರಶ್ನೆ ಬಿಟ್ಟ.

ಆತ ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಅನ್ನುವುದಕ್ಕೆ ದಾಖಲೆ ಬೇಕಲ್ಲ. ಹಾಜರಿ ಪುಸ್ತಕದಲ್ಲಿ ಗುತ್ತಿಗೆ ಆಳುಗಳು ಬರೀ ಸಂಖ್ಯೆಯಾಗಿ ಇರುತ್ತಾರೆ, ಎಲ್ಲ ತೋಟದಲ್ಲೂ ಅದೇ ರೂಢಿ. ಕೊನೆಗೆ ಕೈಹಿಡಿದದ್ದು ಮೆಣಸು ತೂಗಿದ ಚೀಟಿಗಳು. ಕೆಜಿ ಲೆಕ್ಕ ಆದ್ದರಿಂದ ಅವುಗಳ ಮೇಲೆ ಹೆಸರಿತ್ತು. ಮೊತ್ತದ ಲೆಕ್ಕ ನೇರ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುವುದು. 2020ರ ಜನವರಿಯಿಂದ ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದ ಕೂಲಿಯ ಮಿತಿ 15,000 ರೂಪಾಯಿ, ಅರ್ಧ 7,500. ನಲವತ್ತು ತುಂಬಿದವನಿಗೆ ಅಂಕಿ 184.17, ಹಾಗಾಗಿ 13,81,275 ರೂಪಾಯಿ, ಮೇಲೆ ಅಂತ್ಯಕ್ರಿಯೆಗೆ 5,000. ನಲವತ್ತೊಂದಾದರೆ ಅಂಕಿ 181.37, ಒಂದೇ ವರ್ಷಕ್ಕೆ 21,000 ರೂಪಾಯಿ ಕಮ್ಮಿ. ನಮ್ಮ ಆಳುಗಳಲ್ಲಿ ಎಷ್ಟೋ ಜನ ಆಧಾರ್ ಕಾರ್ಡಿನಲ್ಲಿ ಜನವರಿ 1ಕ್ಕೇ ಹುಟ್ಟಿದವರು! ಆತನ ಊರಿನ ಶಾಲೆಯಿಂದ ದಾಖಲೆ ತರಿಸಬೇಕಾಯಿತು.

ಇನ್ನೊಂದು ವಿಷಯ ಎಲ್ಲ ತೋಟದವರೂ ತಿಳಿದಿರಬೇಕು. ಗೌಡ್ರು ಮಣ್ಣು ಮಾಡಿದ ದಿನವೇ ಮನೆಯವರ ಕೈಗೆ ದುಡ್ಡು ಕೊಟ್ಟಿದ್ದರು, ಒಳ್ಳೇ ಮನಸ್ಸಿನಿಂದಲೇ. ಆದರೆ ಸಾವಿನ ಪರಿಹಾರವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು. ನೇರ ಕೊಟ್ಟದ್ದನ್ನು, ಮೂರು ತಿಂಗಳ ಕೂಲಿಯಷ್ಟು ಮುಂಗಡ ಬಿಟ್ಟು, ಪರಿಹಾರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರಣ ಸರಿಯಾಗಿಯೇ ಇದೆ. ಹೆಂಡತಿಗೆಷ್ಟು, ಮಕ್ಕಳಿಗೆಷ್ಟು ಅಂತ ಆಯುಕ್ತರೇ ಹಂಚಿ, ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಇಡಿಸುತ್ತಾರೆ. ಇಲ್ಲದಿದ್ದರೆ ದುಡ್ಡು ಯಾವ ಬಂಧುವಿನ ಕೈಗೆ ಹೋಗುತ್ತಿತ್ತೋ. ತಿಂಗಳಿಗಿಂತ ತಡವಾದರೆ ಶೇಕಡ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೂ ದಂಡ. ಆ ದಂಡವನ್ನು ವಿಮೆ ಕಟ್ಟಿಕೊಡುವುದಿಲ್ಲ.

ವರದಿ ಬಂದ ಮೇಲೆ ನಿಜವಾದ ಜಗಳ ಶುರುವಾಯಿತು. ಬೋರ್ಡ್ ಬರೆಸಿ ಹಾಕೋಣ ಅಂದರು ಒಬ್ಬರು. ನಮ್ಮಲ್ಲಿ ಮೆಣಸಿಗೆ ಬರುವವರಲ್ಲಿ ಅರ್ಧ ಜನ ಅಸ್ಸಾಮಿನವರು, ಕನ್ನಡ ಬೋರ್ಡು ಓದುವವರ್ಯಾರು? ಓದಿದರೂ, ಮೇಲೆ ತಂತಿ ಇದೆ ಅಂತ ಆತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಅದರ ಕೆಳಗೇ ಓಡಾಡುತ್ತಿದ್ದ.

ನಾನು ಹಿಡಿದ ಹಟ ಒಂದೇ: ಏಣಿ ಯಾವ ದಿಕ್ಕಿಗೆ ಬಿದ್ದರೂ ತಂತಿ ಸಿಗಬಾರದು. ತೋಟದ ನಕ್ಷೆ ಹಿಡಿದು ಪವರ್‌ಮ್ಯಾನ್ ಜೊತೆ 11 ಕೆವಿ ಲೈನಿನ ಕೆಳಗೆ ನಡೆದೆ, ಪಂಪ್‌ಹೌಸಿಗೆ ಹೋಗುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನನ್ನೂ ಬಿಡಲಿಲ್ಲ. ತಂತಿಯ ಎರಡೂ ಪಕ್ಕ ಏಣಿಯ ಉದ್ದಕ್ಕೆ ಹತ್ತಡಿ ಸೇರಿಸಿ, ಆ ಗೆರೆಯ ಮೇಲಿನ ಮರಗಳಿಗೆಲ್ಲ ಎದೆಮಟ್ಟಕ್ಕೆ ಕೆಂಪು ಪಟ್ಟಿ ಹೊಡೆಸಿದೆವು. ಕೆಂಪಿನ ಒಳಗೆ ಲೋಹದ ಏಣಿ ಇಲ್ಲ, ಮಲಗಿಸಿಕೊಂಡೂ ಇಲ್ಲ. ಇದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಕೆಂಪಿನ ಒಳಗಿನ ಬಳ್ಳಿಗಳೇ ಕಗ್ಗಂಟು. ಗೌಡ್ರಿಗೆ ಅವು ತೋಟದ ಅತಿ ಒಳ್ಳೇ ಬಳ್ಳಿಗಳು, ತಂತಿ ಅಂತ ಮರ ತೆರೆದಿಟ್ಟದ್ದರಿಂದ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಬಿಡಲು ಮನಸ್ಸಿರಲಿಲ್ಲ. ಕೊನೆಗೆ ಎಲ್‌ಸಿ ಕೊಟ್ಟ ದಿನ ಆ ಮರಗಳ ತಲೆ ಕಡಿಸಿ, ಬಳ್ಳಿಯನ್ನು ನೆಲದಲ್ಲಿ ನಿಂತೇ ಕೈಗೆ ಎಟಕುವಷ್ಟಕ್ಕೆ ಚಿವುಟಿದೆವು. ಖಾಲಿ ಜಾಗಕ್ಕೆ ಪೊದೆ ಮೆಣಸು ಹಾಕಿದೆವು. ಫಸಲು ಇಳಿದಿದೆ, ಸುಳ್ಳು ಹೇಳುವುದಿಲ್ಲ. ಕೆಂಪಿನ ಒಳಗೆ ಕೆಜಿ ಲೆಕ್ಕ ತೆಗೆದು ದಿನಗೂಲಿ ಮಾಡಿದೆವು. ಅವಸರ ಹೋದದ್ದು ಅದರಿಂದಲೇ. ಏನೇ ಬೋಧನೆ ಮಾಡಿದ್ದರೂ ಹೋಗುತ್ತಿರಲಿಲ್ಲ.

ಉಳಿದ ತೋಟಕ್ಕೆ ಫೈಬರ್ ಏಣಿ ತರಿಸಿದೆವು. ದುಬಾರಿ, ಭಾರ, ಆಳುಗಳು ಮುಖ ಸಿಂಡರಿಸಿದರು. ಮೇಲಾಗಿ ಒದ್ದೆಯಾದರೆ, ಧೂಳು ಮೆತ್ತಿದರೆ ಅದರ ಮೇಲ್ಮೈಯಲ್ಲೂ ಕರೆಂಟು ಹರಿಯಬಹುದು. ಫೈಬರ್ ಅಂತ ಧೈರ್ಯ ಮಾಡಿ ತಂತಿ ಹತ್ತಿರ ಹೋಗುವವನನ್ನು ತಡೆಯುವುದು ಇನ್ನೊಂದು ಕೆಲಸವಾಯಿತು. ಅದಕ್ಕೇ ಮರ ಹತ್ತುವುದು ಬಿಟ್ಟಿರುವ, ಬಾಯಿ ಮಾತ್ರ ಇನ್ನೂ ಜೋರಿರುವ ಹಳಬರೊಬ್ಬರನ್ನು ತಂತಿ ಕಾಯುವುದಕ್ಕೆ ಹಾಕಿದ್ದೇವೆ. ಕೆಂಪು ಪಟ್ಟಿಯ ಸುತ್ತಮುತ್ತ ಕೆಲಸ ಇರುವ ದಿನ ಅವರಿಗೆ ಕೊಯ್ಯುವ ಕೆಲಸವಿಲ್ಲ, ತಲೆ ಮೇಲೆತ್ತಿ ನೋಡುತ್ತಾ ಕೂಗುವುದಷ್ಟೇ. ಕುಳಿತು ಸಂಬಳ ತಗೊಳ್ತಾರೆ ಅಂತ ಮೊದಮೊದಲು ಗೊಣಗಿದವರಿದ್ದರು. ಗುಳಿ ಬಿದ್ದ ಆ ಹಳೇ ಏಣಿಯ ತುದಿಯನ್ನು ಕತ್ತರಿಸಿ ಹಾಜರಿ ಕೂಗುವ ಜಾಗದಲ್ಲಿ ತಂತಿ ಕಟ್ಟಿ ನೇತುಹಾಕಿದ್ದೇನೆ. ಹೊಸಬರು ಬಂದರೆ ಬೆರಳಿಟ್ಟು ನೋಡಿ ಅನ್ನುತ್ತೇನೆ. ಅದರ ಪಕ್ಕದ ಗೋಡೆಯಲ್ಲಿ ಫೀಡರಿನ ಹೆಸರು, ಸಬ್‌ಸ್ಟೇಷನ್ ನಂಬರು, 1912. ಕಿಡಿ ಹಾರಿದ್ದು, ಏಣಿ ಜಾರಿದ್ದು ಯಾರು ಬಂದು ಹೇಳಿದರೂ ಬೈಗುಳವಿಲ್ಲ ಅಂತ ಗೌಡ್ರ ಬಾಯಿಂದಲೇ ಹೇಳಿಸಿದೆ. ಈಗ ಬಂದು ಹೇಳುತ್ತಾರೆ, ಕೆಲವು ಸಲ ತಲೆ ತಿನ್ನುವಷ್ಟು.

ಲೈನನ್ನು ರಸ್ತೆ ಪಕ್ಕಕ್ಕೆ ಸ್ಥಳಾಂತರಿಸಲು ಅರ್ಜಿ ಕೊಟ್ಟಿದ್ದೇವೆ. ಖರ್ಚು ತೋಟದ್ದೇ. ಅಂದಾಜು ಪಟ್ಟಿ ನೋಡಿ ಗೌಡ್ರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಪಕ್ಕದ ತೋಟದವರನ್ನೂ ಸೇರಿಸಿಕೊಂಡರೆ ಹೇಗೆ ಅಂತ ಅವರೇ ಕೇಳಿದರು. ಮಾತುಕತೆ ನಡೆದಿದೆ.

ಈ ಸಲದ ಮೆಣಸಿಗೆ ಬಂದ ಹೊಸ ಗುತ್ತಿಗೆದಾರ ಜೀಪಿನ ಮೇಲೆ ತನ್ನದೇ 24 ಅಡಿಯ ಅಲ್ಯೂಮಿನಿಯಂ ಏಣಿಗಳನ್ನು ಕಟ್ಟಿಕೊಂಡು ಬಂದಿದ್ದ. ಗೇಟಿನಲ್ಲೇ ಇಳಿಸಿ ಅಂದಿದ್ದಕ್ಕೆ, "ಎಲ್ಲ ತೋಟದಲ್ಲೂ ಇದೇ ನಡೆಯತ್ತೆ, ನಿಮ್ಮದೊಂದು ಅತಿ" ಅಂತ ಸಿಟ್ಟಾಗಿ ಪಕ್ಕದ ತೋಟಕ್ಕೆ ಹೋದ. ಅಲ್ಲಿ ಹೋಗುವುದೂ ಇದೇ ಫೀಡರು. ಅವರ ರೈಟರಿಗೆ ಆಗಲೇ ಫೋನ್ ಮಾಡಿ ಏಣಿಯ ಉದ್ದ ಹೇಳಿ, ನಿಮ್ಮಲ್ಲಿ ತಂತಿ ಎಷ್ಟು ಎತ್ತರ ಇದೆ ಅಂತ ಕೇಳಿದೆ. ಅಳೆದಿಲ್ಲ ಅಂದರು. ಪವರ್‌ಮ್ಯಾನ್ ನಂಬರು ಕೊಟ್ಟು, ಕೆಲಸ ಶುರು ಮಾಡಿಸುವ ಮೊದಲು ಎಲ್‌ಸಿ ತಗೊಂಡು ಅಳೆಸಿ ಅಂದೆ.